ನಾಡಿನ ನೆನಪಿಗೆ ಕಾವಲು ನಿಂತವರು: ಆಲೂರ ವೆಂಕಟರಾಯರೂ ಇತಿಹಾಸ ಮಂಡಳವೂ

ಸಂಘವೊಂದನ್ನು ಸ್ಥಾಪಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಹತ್ತು ಜನ ಸಮಾನಮನಸ್ಕರು ಕೂಡಬೇಕು, ಒಬ್ಬರು ಅಧ್ಯಕ್ಷರಾಗಬೇಕು, ಒಬ್ಬರು ಕಾರ್ಯದರ್ಶಿಗಳಾಗಬೇಕು, ನಿಯಮಾವಳಿಯೊಂದು ಸಿದ್ಧವಾಗಬೇಕು. ಅಷ್ಟಾದರೆ ಸಂಘವು ಹುಟ್ಟಿದಂತೆಯೇ. ಆದರೆ ಮೊದಲ ವರ್ಷದ ಉತ್ಸಾಹವು ಇಳಿದ ಮೇಲೆ, ವರ್ಗಣಿ ಕೊಡುವವರು ವಿರಳರಾದ ಮೇಲೆ, ಸಭೆಗೆ ಬರುವವರಿಗಿಂತ ಹಾಸಿದ ಜಮಖಾನವೇ ದೊಡ್ಡದೆನಿಸಿದ ಮೇಲೆ, ಅದನ್ನು ಜೀವದಿಂದ ಉಳಿಸಿಕೊಂಡು ಬರುವುದಿದೆಯಲ್ಲ, ಅದು ನಿಜವಾದ ವ್ರತ. ಗಡಿನಾಡಿನಲ್ಲಿ ಕನ್ನಡ ಸಂಘವನ್ನು ನಡೆಸಿಕೊಂಡು ಬಂದಿರುವ ನಮ್ಮ ಹಿರಿಯರಿಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ವಾರ್ಷಿಕೋತ್ಸವದ ಈ ಶುಭಸಂದರ್ಭದಲ್ಲಿ ಅಂತಹ ವ್ರತವನ್ನು ಹಿಡಿದ ಮಹನೀಯರೊಬ್ಬರ ಜೀವನವನ್ನು ಸ್ಮರಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಅವರೇ ಕನ್ನಡ ಕುಲಪುರೋಹಿತರೆಂದು ನಾಡೆಲ್ಲ ಗೌರವಿಸುವ ಆಲೂರ ವೆಂಕಟರಾಯರು. ಕರ್ನಾಟಕದ ಏಕೀಕರಣಕ್ಕಾಗಿ ಅವರು ಪಟ್ಟ ಶ್ರಮವನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಆ ಏಕೀಕರಣದ ಹಂಬಲವು ಇತಿಹಾಸದ ಅಭ್ಯಾಸದಿಂದ ಪುಷ್ಟಿಗೊಂಡಿತೆಂಬುದನ್ನೂ, ಆ ಅಭ್ಯಾಸಕ್ಕಾಗಿ ಅವರು 1914ರಲ್ಲಿ ಧಾರವಾಡದಲ್ಲಿ ಒಂದು ಇತಿಹಾಸ ಮಂಡಳವನ್ನು ಸ್ಥಾಪಿಸಿದರೆಂಬುದನ್ನೂ ನೆನೆಯುವವರು ಕಡಮೆ. ಆದುದರಿಂದ ನಾವು ಇಲ್ಲಿ ಅವರ ಜೀವನವನ್ನು ಆ ಮಂಡಳದ ಬಾಗಿಲಿನಿಂದಲೇ ನೋಡಬಯಸುತ್ತೇವೆ.

ವೆಂಕಟರಾಯರು ಹುಟ್ಟಿದ್ದು 1880ನೆಯ ಇಸವಿ ಜುಲೈ 12ರಂದು, ವಿಜಾಪುರದಲ್ಲಿ. ತಂದೆ ಭೀಮರಾಯರು ಸರಕಾರದ ಕಂದಾಯ ಇಲಾಖೆಯಲ್ಲಿ ನೌಕರಿಯಲ್ಲಿದ್ದವರು. ಅಂದಿನ ಕನ್ನಡನಾಡಿನ ಸ್ಥಿತಿಯನ್ನು ಇಂದಿನ ಮಕ್ಕಳು ಊಹಿಸಿಕೊಳ್ಳುವುದು ಸುಲಭವಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಕನ್ನಡ ಮಾತನಾಡುವ ಸೀಮೆಯು ಹರಿದ ಬಟ್ಟೆಯಂತೆ ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳು ಮುಂಬಯಿ ಇಲಾಖೆಗೆ, ಬಳ್ಳಾರಿ, ದಕ್ಷಿಣ ಕನ್ನಡಗಳು ಮದರಾಸಿಗೆ, ಕಲಬುರ್ಗಿ, ರಾಯಚೂರು, ಬೀದರಗಳು ನಿಜಾಮರ ಹೈದರಾಬಾದಿಗೆ, ಮೈಸೂರು ತನ್ನ ಅರಸರಿಗೆ, ಕೊಡಗು ಬೇರೆ. ಇವುಗಳ ನಡುವೆ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸೊಂಡೂರು ಮೊದಲಾದ ಸಣ್ಣ ಸಂಸ್ಥಾನಗಳು. ನಮ್ಮ ಕಡೆಗೆ ಅಕ್ಕಲಕೋಟೆ, ಜತ್ತ. ಒಂದು ಊರಿನ ಕನ್ನಡಿಗನು ಹತ್ತು ಹರದಾರಿಯಾಚೆಗಿನ ಕನ್ನಡಿಗನನ್ನು ಪರನಾಡಿನವನೆಂದು ತಿಳಿಯುವ ಕಾಲವದು.

ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಂತೂ ಕಚೇರಿಯ ವ್ಯವಹಾರದಲ್ಲಿ, ಸಂಗೀತ-ನಾಟಕಗಳಲ್ಲಿ, ವಿದ್ಯಾವಂತರ ಪತ್ರವ್ಯವಹಾರದಲ್ಲಿ ಮರಾಠಿಯೇ ಮೆರೆಯುತ್ತಿತ್ತು. ಡೆಪ್ಯುಟಿ ಚನ್ನಬಸಪ್ಪನವರಂತಹ ದೂರದರ್ಶಿಗಳು ಕನ್ನಡ ಶಾಲೆಗಳಿಗಾಗಿ ಹೋರಾಡಿದ್ದರು. 1890ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದ್ದರು. ಆದರೂ ಕನ್ನಡಿಗನಿಗೆ ತನ್ನದೆಂದು ಹೇಳಿಕೊಳ್ಳುವ ಒಂದು ಪೂರ್ವಚರಿತ್ರೆಯಿದೆಯೆಂಬ ಭಾವನೆಯು ಜನಮನದಲ್ಲಿ ಇನ್ನೂ ಮೂಡಿರಲಿಲ್ಲ. ನಮ್ಮ ಸೀಮೆಯಲ್ಲಿ ಎರಡು ಭಾಷೆಗಳೂ ಅಕ್ಕತಂಗಿಯರಂತೆ ಬಾಳಿವೆ. ಮರಾಠಿಯ ಮೇಲೆ ನಮಗೆ ಅಸೂಯೆಯಿಲ್ಲ. ಆದರೆ ತಂಗಿಯ ಒಡವೆಯನ್ನು ಹೊಗಳುತ್ತ ತನ್ನ ಒಡವೆಯನ್ನು ಎಲ್ಲಿಟ್ಟೆನೆಂಬುದನ್ನೇ ಮರೆತ ಅಕ್ಕನಂತೆ ಆಗಿತ್ತು ಅಂದಿನ ಕನ್ನಡಿಗನ ಸ್ಥಿತಿ.

ವೆಂಕಟರಾಯರು ಉಚ್ಚ ಶಿಕ್ಷಣಕ್ಕಾಗಿ ಪುಣೆಯ ಫರ್ಗ್ಯುಸನ್ ಕಾಲೇಜನ್ನು ಸೇರಿದರು. 1903ರಲ್ಲಿ ಬಿ.ಎ. ಪದವಿಯನ್ನೂ, 1905ರಲ್ಲಿ ಕಾಯಿದೆಯ ಪದವಿಯನ್ನೂ ಪಡೆದರು. ಪುಣೆಯೆಂದರೆ ಆಗ ಲೋಕಮಾನ್ಯ ತಿಲಕರ ಪುಣೆ. ಅಲ್ಲಿನ ತರುಣರು ತಮ್ಮ ಪೂರ್ವಜರ ಚರಿತ್ರೆಯನ್ನು ಎದೆಗವಚಿಕೊಂಡಿದ್ದರು. ಹಳೆಯ ಕಾಗದಪತ್ರಗಳನ್ನು ಊರೂರು ಅಲೆದು ಹುಡುಕುವ ವಿ. ಕಾ. ರಾಜವಾಡೆಯವರಂತಹ ವಿದ್ವಾಂಸರು ಮಹಾರಾಷ್ಟ್ರದಲ್ಲಿದ್ದರು. ಚರಿತ್ರೆಯ ಸ್ಮರಣೆಯು ಒಂದು ಜನಾಂಗದ ಬೆನ್ನೆಲುಬನ್ನು ಹೇಗೆ ನೆಟ್ಟಗೆ ಮಾಡುತ್ತದೆಂಬುದನ್ನು ವೆಂಕಟರಾಯರು ಅಲ್ಲಿ ಕಣ್ಣಾರೆ ಕಂಡರು. ಹಾಗಾದರೆ ಕನ್ನಡಿಗರ ಚರಿತ್ರೆಯೆಲ್ಲಿ ಎಂಬ ಪ್ರಶ್ನೆಯು ಅವರ ಮನಸ್ಸನ್ನು ಕೊರೆಯತೊಡಗಿದ್ದು ಸಹಜವೇ ಆಗಿತ್ತು.

ಆ ಪ್ರಶ್ನೆಗೆ ಉತ್ತರವು ದೊರೆತದ್ದು 1905ರಲ್ಲಿ, ಹಂಪೆಯಲ್ಲಿ. ತುಂಗಭದ್ರೆಯ ದಂಡೆಯಲ್ಲಿ ವಿರೂಪಾಕ್ಷನ ಸನ್ನಿಧಿಯಲ್ಲಿ ನಿಂತು, 1336ರಿಂದ ಎರಡು ಶತಮಾನಕ್ಕೂ ಮೇಲ್ಪಟ್ಟು ದಕ್ಷಿಣಾಪಥವನ್ನು ಕಾಪಾಡಿ 1565ರ ಯುದ್ಧದ ತರುವಾಯ ಹಾಳಾದ ಆ ಮಹಾನಗರದ ಅವಶೇಷಗಳನ್ನು ಅವರು ನೋಡಿದರು. ಎಷ್ಟೋ ಯಾತ್ರಿಕರು ಆ ಕಲ್ಲುಗಳನ್ನು ನೋಡಿ ನಿಟ್ಟುಸಿರಿಟ್ಟು ಹಿಂದಿರುಗಿದ್ದರು. ವೆಂಕಟರಾಯರು ಮಾತ್ರ ಒಂದು ಸಂಕಲ್ಪವನ್ನು ಹೊತ್ತು ಹಿಂದಿರುಗಿದರು. ಆ ದರ್ಶನವೇ ತಮ್ಮ ಬಾಳಿನ ತಿರುವೆಂದು ಅವರು ಕಡೆಯವರೆಗೂ ಭಾವಿಸಿದ್ದರು.

ಧಾರವಾಡಕ್ಕೆ ಬಂದು ಅವರು ವಕೀಲಿಯನ್ನಾರಂಭಿಸಿದರು. ಆದರೆ ಮನಸ್ಸು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ವಿದ್ಯಾವರ್ಧಕ ಸಂಘದ ಮುಖಪತ್ರವಾದ ವಾಗ್ಭೂಷಣದ ಸಂಪಾದಕತ್ವವನ್ನು ವಹಿಸಿದರು. 1907ರಲ್ಲಿ ಧಾರವಾಡದಲ್ಲಿ ಕನ್ನಡ ಗ್ರಂಥಕರ್ತರ ಸಮ್ಮೇಲನವು ನೆರೆಯುವುದಕ್ಕೆ ಶ್ರಮಿಸಿದರು. ಬೇರೆ ಬೇರೆ ಸರಕಾರಗಳ ಕೆಳಗೆ ಚದುರಿದ್ದ ಲೇಖಕರು ಒಂದೇ ಚಾವಣಿಯ ಕೆಳಗೆ ಕೂಡಿದ್ದು ಅಂದಿನ ದಿನಕ್ಕೆ ಸಣ್ಣ ಸಂಗತಿಯಲ್ಲ. ವಿಜಯನಗರದ ಸ್ಥಾಪನೆಯೊಡನೆ ಪರಂಪರೆಯು ಜೋಡಿಸುವ ವಿದ್ಯಾರಣ್ಯರ ಚರಿತ್ರೆಯನ್ನು ಬರೆದರು. ಸ್ವದೇಶಿ ಚಳವಳಿಗೂ ರಾಷ್ಟ್ರೀಯ ಶಿಕ್ಷಣಕ್ಕೂ ದುಡಿದರು. ಮುಂದೆ ವಕೀಲಿಯ ವೃತ್ತಿಯನ್ನೇ ತೊರೆದರು. ಸಂಸಾರಸ್ಥನೊಬ್ಬನು ವರಮಾನದ ಬಾಗಿಲನ್ನು ತನ್ನ ಕೈಯಾರೆ ಮುಚ್ಚಿಕೊಳ್ಳುವುದೆಂದರೇನೆಂಬುದನ್ನು ಕುಟುಂಬವತ್ಸಲರಾದ ನಮ್ಮ ವಾಚಕರು ತಾವೇ ತೂಗಿ ನೋಡಬಹುದು.

ಇನ್ನು ಕರ್ನಾಟಕದ ಇತಿಹಾಸದ ಮಾತು. ಆ ಇತಿಹಾಸದ ಸಾಮಗ್ರಿಯೆಲ್ಲ ಕತ್ತಲಲ್ಲಿತ್ತೆಂದು ಹೇಳಲಾಗದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿಯೇ ಕರ್ನಲ್ ಮೆಕೆಂಝಿಯು ಊರೂರಿನ ಕೈಫಿಯತ್ತುಗಳನ್ನು ಬರೆಯಿಸಿ ಸಂಗ್ರಹಿಸಿದ್ದನು. ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ಟನು ನೂರಾರು ಶಾಸನಗಳ ಪ್ರತಿಗಳನ್ನು ಮಾಡಿಸಿದ್ದನು. ಫ್ಲೀಟ್ ಸಾಹೇಬನು 1882ರಲ್ಲಿ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಪ್ರಕಟಿಸಿದನು, ರಾ. ಗೋ. ಭಾಂಡಾರಕರರು 1884ರಲ್ಲಿ ದಖ್ಖಣದ ಪ್ರಾಚೀನ ಇತಿಹಾಸವನ್ನು ಬರೆದರು. ಸಿವೆಲ್ಲನ ವಿಜಯನಗರದ ಗ್ರಂಥವು 1900ರಲ್ಲಿ ಹೊರಬಂದಿತು. ಆದರೆ ಇವೆಲ್ಲವೂ ಇಂಗ್ಲಿಷ್ ಗ್ರಂಥಗಳು. ಯಾವ ರೈತನ ಹೊಲದ ಬದುವಿನಲ್ಲಿ ಶಾಸನವು ನಿಂತಿತ್ತೋ ಆ ರೈತನಿಗೆ ಅದರ ಅರ್ಥವನ್ನು ತಿಳಿಸುವವರಿರಲಿಲ್ಲ.

ಮೈಸೂರು ಸಂಸ್ಥಾನದಲ್ಲಿ ಸ್ಥಿತಿಯು ಬೇರೆಯಾಗಿತ್ತು. ಅಲ್ಲಿ 1885ರಲ್ಲಿಯೇ ಪ್ರಾಚ್ಯವಸ್ತು ಶೋಧನೆಯ ಇಲಾಖೆಯು ಏರ್ಪಟ್ಟು, ಬಿ. ಎಲ್. ರೈಸರು ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಸಾವಿರಾರು ಶಾಸನಗಳನ್ನು ಅಚ್ಚು ಹಾಕಿಸಿದ್ದರು. ಉತ್ತರದ ಕನ್ನಡ ಜಿಲ್ಲೆಗಳಿಗೆ ಅಂತಹ ರಾಜಾಶ್ರಯವಿರಲಿಲ್ಲ. ಬಾದಾಮಿಯ ಚಾಲುಕ್ಯರು ಆಳಿದ ನೆಲದಲ್ಲಿ, ಐಹೊಳೆ ಪಟ್ಟದಕಲ್ಲುಗಳ ನೆರೆಯಲ್ಲಿ, ಶಾಸನಗಳು ಬಟ್ಟೆ ಒಗೆಯುವ ಕಲ್ಲುಗಳಾಗಿ, ಬಾವಿಯ ಮೆಟ್ಟಿಲುಗಳಾಗಿ, ದನದ ಕೊಟ್ಟಿಗೆಯ ಹಾಸುಗಲ್ಲುಗಳಾಗಿ ಸವೆಯುತ್ತಿದ್ದವು. ಅರಸನು ಮಾಡದ ಕೆಲಸವನ್ನು ಜನರೇ ಮಾಡಬೇಕಾಗಿತ್ತು.

ಪುಣೆಯಲ್ಲಿ 1910ರಲ್ಲಿ ರಾಜವಾಡೆಯವರ ಮುಂದಾಳುತನದಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳವು ಹುಟ್ಟಿತು. ನಾಲ್ಕು ವರ್ಷಗಳ ಮೇಲೆ, 1914ರಲ್ಲಿ, ವೆಂಕಟರಾಯರೂ ಅವರ ಮಿತ್ರರೂ ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಮಂಡಳವನ್ನು ಸ್ಥಾಪಿಸಿದರು. ಅದೇ ಮುಂದೆ ಕರ್ನಾಟಕ ಇತಿಹಾಸ ಸಂಶೋಧನ ಮಂಡಳವೆಂದು ಪ್ರಸಿದ್ಧವಾಯಿತು. ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟುವುದಕ್ಕೆ ಒಂದು ವರ್ಷ ಮೊದಲೇ ಈ ಮಂಡಳವು ಕಣ್ದೆರೆದಿತ್ತೆಂಬುದು ಗಮನಾರ್ಹ.

ಇಂತಹ ಮಂಡಳದ ಕೆಲಸವು ಎಂತಹುದೆಂಬುದನ್ನು ನಮ್ಮ ತರುಣರು ಅರಿಯಬೇಕು. ಶಾಸನವಿದೆಯೆಂದು ಸುದ್ದಿ ಬಂದ ಊರಿಗೆ ಹೋಗಬೇಕು. ಮಣ್ಣಿನಲ್ಲಿ ಹೂತ ಕಲ್ಲನ್ನು ಬಿಡಿಸಿ, ನೀರಿನಿಂದಲೂ ಕುಂಚದಿಂದಲೂ ಹಾವಸೆಯನ್ನು ತೊಳೆಯಬೇಕು. ಒದ್ದೆಯ ಕಾಗದವನ್ನು ಕಲ್ಲಿನ ಮೇಲೆ ಹೊದಿಸಿ, ಅಕ್ಷರಗಳ ತಗ್ಗಿನಲ್ಲಿ ಅದು ಇಳಿಯುವಂತೆ ಕುಂಚದಿಂದ ಮೆಲ್ಲಗೆ ಬಡಿದು, ಮೇಲೆ ಮಸಿಯನ್ನೊತ್ತಿ, ಒಣಗಿದ ಬಳಿಕ ಹರಿಯದಂತೆ ಬಿಡಿಸಿಕೊಳ್ಳಬೇಕು. ಗಾಳಿ ಬೀಸಿದರೆ ಕಾಗದ ಹಾರಿತು. ಮಳೆ ಬಂದರೆ ದಿನವೆಲ್ಲ ವ್ಯರ್ಥವಾಯಿತು. ನಿಧಿಯ ಗುರುತನ್ನು ಹುಡುಕಲು ಬಂದವರೆಂದು ಊರವರು ಸಂಶಯಪಟ್ಟರೆ ಅವರಿಗೆ ಸಮಾಧಾನ ಹೇಳಬೇಕು. ಮನೆಯ ಅಟ್ಟದಲ್ಲಿ ತಾಮ್ರಪಟವನ್ನೋ ತಾಡವೋಲೆಯ ಕಟ್ಟನ್ನೋ ಕಡತವನ್ನೋ ಇಟ್ಟುಕೊಂಡವರು ಅದನ್ನು ಹೊರಗೆ ತೋರಿಸಿದರೆ ಇನಾಮು ಹೋದೀತೆಂದು ಹೆದರುತ್ತಾರೆ. ಅವರ ವಿಶ್ವಾಸವನ್ನು ಗಳಿಸಬೇಕು. ಇಷ್ಟೆಲ್ಲ ಆದ ಮೇಲೆ ಓದುವ ಕೆಲಸ, ನಕಲು ಮಾಡುವ ಕೆಲಸ, ಅಚ್ಚಿನ ಮನೆಗೆ ಹಣ ಹೊಂದಿಸುವ ಕೆಲಸ. ಇದಕ್ಕೆ ಸಂಬಳವಿಲ್ಲ, ಬಡ್ತಿಯಿಲ್ಲ, ಬಿರುದಿಲ್ಲ. ಶಾಲೆಯ ಮಾಸ್ತರರು, ವಕೀಲರು, ಗುಮಾಸ್ತರು, ಊರ ಕುಲಕರ್ಣಿಗಳು ತಮ್ಮ ಬಿಡುವಿನ ವೇಳೆಯನ್ನು ಕೊಟ್ಟರೆ ಮಾತ್ರ ಇದು ನಡೆಯುವುದು.

ವೆಂಕಟರಾಯರ ಗುಣವನ್ನು ಹೇಳುವಾಗ ಅವರ ಮಿತಿಯನ್ನೂ ಹೇಳುವುದು ಸತ್ಯಕ್ಕೆ ಸಲ್ಲಿಸುವ ಗೌರವ. ಅವರು ಬೀಜ ಬಿತ್ತುವ ಕೈಯವರು. ಪತ್ರಿಕೆ, ಶಾಲೆ, ಪರಿಷತ್ತು, ರಾಜಕಾರಣ, ವೇದಾಂತ ಎಲ್ಲದರಲ್ಲಿಯೂ ಏಕಕಾಲಕ್ಕೆ ಅವರ ಮನಸ್ಸು ಹರಿಯುತ್ತಿತ್ತು. ಬಿತ್ತಿದ ಪ್ರತಿಯೊಂದು ಪೈರಿಗೂ ದಿನದಿನ ನೀರೆರೆಯುವುದು ಒಬ್ಬರಿಂದ ಆಗುವಂತಹುದಲ್ಲ. ಆ ನೀರೆರೆಯುವ ಕೆಲಸವನ್ನು ಮಂಡಳದಲ್ಲಿ ಮಾಡಿದವರು ಬೇರೆ ಹಲವರು, ಅವರಲ್ಲಿ ನಾ. ಶ್ರೀ. ರಾಜಪುರೋಹಿತರ ಹೆಸರನ್ನು ಕೃತಜ್ಞತೆಯಿಂದ ನೆನೆಯಬೇಕು. ಅಂತಹವರು ದೀರ್ಘಕಾಲ ಬೆನ್ನುಗೊಟ್ಟು ನಿಂತದ್ದರಿಂದಲೇ ಮಂಡಳವು ಸಂಶೋಧನ ಲೇಖನಗಳನ್ನು ಬೆಳಕಿಗೆ ತಂದು, ಕಾಲಾಂತರದಲ್ಲಿ ಇಂಗ್ಲಿಷಿನಲ್ಲಿಯೂ ತನ್ನದೊಂದು ನಿಯತಕಾಲಿಕವನ್ನು ಹೊರಡಿಸಿ, ಹೊರನಾಡಿನ ವಿದ್ವಾಂಸರ ಗಮನವನ್ನು ಸೆಳೆಯಿತು. ನಾಯಕನ ಹೆಸರು ಎಲ್ಲರ ಬಾಯಲ್ಲಿ ಉಳಿಯುತ್ತದೆ. ದಫ್ತರ ಕಾಯ್ದವರ ಹೆಸರು ದಫ್ತರದಲ್ಲಿಯೇ ಉಳಿಯುತ್ತದೆ. ಆದರೆ ಸಂಘದ ಆಯುಸ್ಸನ್ನು ನಿರ್ಣಯಿಸುವವರು ಈ ಎರಡನೆಯವರೇ.

1917ರಲ್ಲಿ ವೆಂಕಟರಾಯರ ಕರ್ನಾಟಕ ಗತವೈಭವವು ಪ್ರಕಟವಾಯಿತು. ಹಿಂದೆ ಹೇಳಿದ ಇಂಗ್ಲಿಷ್ ಗ್ರಂಥಗಳಲ್ಲಿಯೂ ಶಾಸನಗಳಲ್ಲಿಯೂ ಹುದುಗಿದ್ದುದನ್ನು ಅವರು ಸಾಮಾನ್ಯ ಕನ್ನಡಿಗನ ಅಂಗಳಕ್ಕೆ ತಂದು ಸುರಿದರು. ಉತ್ತರಾಪಥೇಶ್ವರನಾದ ಹರ್ಷನನ್ನು ತಡೆದ ಇಮ್ಮಡಿ ಪುಲಿಕೇಶಿ, ಎಲ್ಲೋರದ ಕೈಲಾಸವನ್ನು ಕಡೆಯಿಸಿದ ರಾಷ್ಟ್ರಕೂಟರು, ತನ್ನ ಹೆಸರಿನಲ್ಲಿಯೇ ಶಕೆಯನ್ನು ನಡೆಸಿದ ಆರನೆಯ ವಿಕ್ರಮಾದಿತ್ಯ, ವಿಜಯನಗರದ ರಾಯರು, ಇವರೆಲ್ಲ ಒಂದೇ ಮನೆತನದ ಹಿರಿಯರಂತೆ ಆ ಪುಸ್ತಕದಲ್ಲಿ ಎದ್ದು ನಿಂತರು. ಪಂಡಿತರ ವಾದವಿವಾದಕ್ಕಿಂತ ಮಲಗಿದವರನ್ನು ಎಬ್ಬಿಸುವುದೇ ಅದರ ಉದ್ದೇಶವಾಗಿತ್ತು. ಈ ಶತಮಾನದ ಅಂತರದಲ್ಲಿ ಹೊಸ ಶಾಸನಗಳು ದೊರೆತು ಅದರ ಕೆಲವು ನಿರ್ಣಯಗಳು ತಿದ್ದಲ್ಪಟ್ಟಿರಬಹುದು. ರಾಜರ ವೈಭವಕ್ಕೆ ಕೊಟ್ಟ ಸ್ಥಳವನ್ನು ಒಕ್ಕಲಿಗನ, ನೇಕಾರನ, ಬಣಜಿಗನ ಬಾಳಿಗೆ ಕೊಡಲಿಲ್ಲವೆಂದು ಇಂದಿನವರು ಹೇಳಬಹುದು. ಅದು ನ್ಯಾಯವಾದ ಮಾತೇ. ಆದರೂ ತನಗೊಂದು ಚರಿತ್ರೆಯಿದೆಯೆಂದು ಕನ್ನಡಿಗನು ತಲೆಯೆತ್ತಿದ್ದು ಆ ಪುಸ್ತಕದಿಂದ. ತಲೆಯೆತ್ತಿದ ಮೇಲೆ ತಾನೇ ತಪ್ಪೊಪ್ಪುಗಳ ವಿಚಾರ?

ಆ ಕಾಲದ ಘಟನೆಗಳು ವೇಗವಾಗಿ ನಡೆದವು. 1916ರಲ್ಲಿ ಧಾರವಾಡದಲ್ಲಿ ಕರ್ನಾಟಕ ಸಭೆಯು ಹುಟ್ಟಿತು. 1920ರ ನಾಗಪುರದ ಕಾಂಗ್ರೆಸ್ ಅಧಿವೇಶನವು ಭಾಷಾವಾರು ಪ್ರಾಂತಗಳ ತತ್ತ್ವವನ್ನು ಒಪ್ಪಿ, ಕರ್ನಾಟಕಕ್ಕೆ ಪ್ರತ್ಯೇಕ ಪ್ರಾಂತಿಕ ಸಮಿತಿಯು ದೊರೆಯಿತು. 1922ರಲ್ಲಿ ವೆಂಕಟರಾಯರು ಜಯಕರ್ನಾಟಕ ಮಾಸಪತ್ರಿಕೆಯನ್ನು ಆರಂಭಿಸಿದರು. ಮುಂದೆ ನಾಡಿನ ಹೆಸರಾಂತ ಕವಿಗಳಾದ ದ. ರಾ. ಬೇಂದ್ರೆಯವರೂ ಅದರ ಸಂಪಾದನೆಯಲ್ಲಿ ಪಾಲ್ಗೊಂಡರು. ಲೋಕಮಾನ್ಯರ ಗೀತಾರಹಸ್ಯವನ್ನು ಕನ್ನಡಿಗರಿಗೆ ಕೊಟ್ಟವರೂ ವೆಂಕಟರಾಯರೇ. 1930ರಲ್ಲಿ ಮೈಸೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿ ನಾಡು ತನ್ನ ಋಣವನ್ನು ಕಿಂಚಿತ್ತು ತೀರಿಸಿತು. 1936ರಲ್ಲಿ ವಿಜಯನಗರದ ಸ್ಥಾಪನೆಯ ಆರನೂರನೆಯ ವರ್ಷದ ಉತ್ಸವವು ನಡೆದಾಗ, ನಾಡಿನ ನಾನಾ ಕಡೆಯ ವಿದ್ವಾಂಸರ ಲೇಖನಗಳನ್ನೊಳಗೊಂಡ ಒಂದು ಘನವಾದ ಸ್ಮಾರಕ ಸಂಪುಟವು ಧಾರವಾಡದಿಂದ ಹೊರಬಂದಿತು. 1905ರಲ್ಲಿ ಹಂಪೆಯ ಹಾಳುಗಳ ನಡುವೆ ಒಬ್ಬರ ಎದೆಯಲ್ಲಿ ಹುಟ್ಟಿದ ಕಳವಳವು ಮೂವತ್ತೊಂದು ವರ್ಷಗಳಲ್ಲಿ ವಿದ್ವತ್ಸಮೂಹದ ಕಾರ್ಯವಾಗಿ ಪರಿಣಮಿಸಿತ್ತು.

ಸರಕಾರದ ಕಣ್ಣೂ ಕ್ರಮೇಣ ತೆರೆಯಿತು. ಮುಂಬಯಿ ಸರಕಾರವು 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ತೆರೆಯಿತು. ಮುಂಬಯಿ ಕರ್ನಾಟಕದ ಶಾಸನಗಳಿಗೆಂದೇ ಮೀಸಲಾದ ಸರಕಾರಿ ಸಂಪುಟದ ಮೊದಲ ಭಾಗವು 1940ರಲ್ಲಿಯೂ ಎರಡನೆಯ ಭಾಗವು 1952ರಲ್ಲಿಯೂ ಪ್ರಕಟವಾದವು. ಮಂಡಳವು ಹುಟ್ಟಿದ 1914ಕ್ಕೂ ಆ ಮೊದಲ ಭಾಗಕ್ಕೂ ನಡುವೆ ಇಪ್ಪತ್ತಾರು ವರ್ಷಗಳ ಅಂತರ. ಆ ಇಪ್ಪತ್ತಾರು ವರ್ಷ ನಾಡಿನ ನೆನಪಿಗೆ ಕಾವಲು ನಿಂತವರು ಸಂಬಳವಿಲ್ಲದ ಸ್ವಯಂಸೇವಕರು. ದೊಡ್ಡ ಸಂಸ್ಥೆಗಳು ಬಂದ ಮೇಲೆ ಸಣ್ಣ ಮಂಡಳಗಳು ಏಕೆಂದು ಕೇಳುವವರಿಗೆ ಇದೇ ಉತ್ತರ. ದೊಡ್ಡ ಸಂಸ್ಥೆಯು ಬರುವವರೆಗೆ ಕಲ್ಲು ಕಾಯುವುದಿಲ್ಲ, ಗೆದ್ದಲು ಕಾಯುವುದಿಲ್ಲ. ಬಂದ ಮೇಲೆಯೂ ಯಾವ ಊರಿನ ಯಾವ ತಿಪ್ಪೆಯ ಮಗ್ಗುಲಿಗೆ ವೀರಗಲ್ಲು ಬಿದ್ದಿದೆಯೆಂಬುದನ್ನು ಅದಕ್ಕೆ ತಿಳಿಸುವವರು ಆ ಊರಿನವರೇ ಆಗಿರಬೇಕು.

1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. ವೆಂಕಟರಾಯರಿಗೆ ಆಗ ಎಪ್ಪತ್ತಾರು ವರ್ಷ. ಆ ಸುದಿನದಲ್ಲಿ ಅವರು ಹಂಪೆಗೆ ಹೋಗಿ ವಿರೂಪಾಕ್ಷನ ಗುಡಿಯಲ್ಲಿ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. ವೃದ್ಧಾಪ್ಯದಲ್ಲಿ ಮಧ್ವಾಚಾರ್ಯರ ತತ್ತ್ವಜ್ಞಾನದ ಚಿಂತನೆಯು ಅವರ ಮನಸ್ಸನ್ನು ತುಂಬಿತ್ತು. 1964ರ ಫೆಬ್ರುವರಿ 25ರಂದು ಅವರು ಇಹಲೋಕವನ್ನು ತ್ಯಜಿಸಿದರು. ಒಂದಾದ ನಾಡಿಗೆ ಕರ್ನಾಟಕವೆಂಬ ಹೆಸರು 1973ರಲ್ಲಿ ಬಂದಾಗ, ಆ ಹೆಸರನ್ನು ಬಾಳೆಲ್ಲ ಜಪಿಸಿದವರು ಅದನ್ನು ಕೇಳಲು ಉಳಿದಿರಲಿಲ್ಲ.

ಆದರೆ ನಾವು? ನಾಡು ಒಂದಾದಾಗ ಗೆರೆಯ ಆಚೆಗೆ ಉಳಿದವರು ನಾವು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡ ಮನೆತನಗಳು ಆ ದಿನ ಒಂದು ಕಣ್ಣಿನಲ್ಲಿ ಆನಂದಬಾಷ್ಪವನ್ನೂ ಇನ್ನೊಂದರಲ್ಲಿ ದುಃಖಾಶ್ರುವನ್ನೂ ತುಂಬಿಕೊಂಡವು. ಇಂತಹ ನಮಗೆ ವೆಂಕಟರಾಯರ ಜೀವನವು ಏನು ಹೇಳುತ್ತದೆ? ಅವರ ಬಾಳಿನ ಎಪ್ಪತ್ತಾರು ವರ್ಷ ಕರ್ನಾಟಕವೆಂಬ ರಾಜ್ಯವೇ ಇರಲಿಲ್ಲ. ಆದರೂ ಅವರ ಮನಸ್ಸಿನಲ್ಲಿ ಕರ್ನಾಟಕವು ಒಂದು ದಿನವಾದರೂ ಇಲ್ಲದಿರಲಿಲ್ಲ. ಭೂಪಟದ ಗೆರೆಯನ್ನು ಸರಕಾರಗಳು ಎಳೆಯುತ್ತವೆ. ನೆನಪಿನ ಗೆರೆಯನ್ನು ಎಳೆಯುವವರು ಜನರು. ಆ ನೆನಪಿಗೆ ಆಧಾರವು ನಮ್ಮ ಕಾಲಕೆಳಗಿನ ನೆಲದಲ್ಲಿಯೇ ಇದೆ. ಸೊನ್ನಲಿಗೆಯೆಂಬ ಹೆಸರಿನಿಂದ ಶಿವಯೋಗಿ ಸಿದ್ಧರಾಮನ ಊರೆಂದು ವಚನಕಾರರ ಕಾಲದಲ್ಲಿಯೇ ಖ್ಯಾತವಾದದ್ದು ನಮ್ಮ ಸೊಲ್ಲಾಪುರ.

ಈ ನೆಲದಲ್ಲಿಯೂ ಆ ವ್ರತವನ್ನು ಹಿಡಿದವರಿದ್ದಾರೆ. ಕೊಲ್ಲಾಪುರದ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಕೆ. ಜಿ. ಕುಂದಣಗಾರರು ಉತ್ತರ ಕರ್ನಾಟಕ ಹಾಗೂ ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು 1939ರಲ್ಲಿ ಗ್ರಂಥರೂಪಕ್ಕೆ ತಂದರು. ಧಾರವಾಡದ ಶ್ರೀನಿವಾಸ ರಿತ್ತಿಯವರೂ ನಮ್ಮ ಸೊಲ್ಲಾಪುರದ ಆನಂದ ಕುಂಭಾರರೂ ಕೂಡಿ ಸೊಲ್ಲಾಪುರ ಜಿಲ್ಲೆಯ ಶಾಸನಗಳ ಸಂಗ್ರಹವನ್ನು 1988ರಲ್ಲಿ ಪ್ರಕಟಿಸಿದರು. ಅದರ ಹಾಳೆಗಳನ್ನು ತಿರುವಿದವರಿಗೆ ಈ ಜಿಲ್ಲೆಯ ಹಳ್ಳಿಹಳ್ಳಿಯ ಗುಡಿಗಳಲ್ಲಿ ಕನ್ನಡವು ಎಷ್ಟು ಆಳಕ್ಕೆ ಬೇರೂರಿತ್ತೆಂಬುದು ತಾನಾಗಿ ತಿಳಿಯುತ್ತದೆ. ಒಬ್ಬರು ವಿಶ್ವವಿದ್ಯಾಲಯದ ವಿದ್ವಾಂಸರು, ಇನ್ನೊಬ್ಬರು ಸ್ಥಳದಲ್ಲಿಯೇ ನಿಂತು ಊರೂರು ಸುತ್ತಿ ಹುಡುಕಿದವರು. ಈ ಜೋಡಿಯೇ ಇತಿಹಾಸ ಮಂಡಳದ ಆದರ್ಶವಲ್ಲವೇ?

ಆದುದರಿಂದ ನಮ್ಮ ಸಂಘದ ಸದಸ್ಯರಲ್ಲಿಯೂ, ವಿಶೇಷವಾಗಿ ಕನ್ನಡ ಶಾಲೆಗಳ ವಿದ್ಯಾರ್ಥಿಗಳಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟು. ಪ್ರತಿಯೊಂದು ಊರಿನ ಗುಡಿ, ಮಠ, ಬಾವಿ, ವೀರಗಲ್ಲು, ಮಾಸ್ತಿಗಲ್ಲುಗಳ ಒಂದು ಯಾದಿಯು ಸಿದ್ಧವಾಗಲಿ. ಗುಡಿಯ ಜೀರ್ಣೋದ್ಧಾರದ ವೇಳೆಗೆ ಶಾಸನದ ಮೇಲೆ ಸುಣ್ಣವನ್ನೋ ಬಣ್ಣವನ್ನೋ ಬಳಿಯದಂತೆ, ಕಲ್ಲನ್ನು ಅಡಿಪಾಯಕ್ಕೆ ಹಾಕದಂತೆ ಹಿರಿಯರಿಗೆ ನಮ್ರತೆಯಿಂದ ತಿಳಿಸುವವರು ಊರಿಗೊಬ್ಬರಿರಲಿ. ಅಜ್ಜನ ಕಾಲದ ಕಡತಗಳನ್ನೂ ಓಲೆಗಳನ್ನೂ ಹೊಳೆಗೆ ಬಿಡುವ ಮೊದಲು, ರದ್ದಿಯವನಿಗೆ ತೂಗಿ ಕೊಡುವ ಮೊದಲು, ಓದಬಲ್ಲವರಿಗೆ ಒಮ್ಮೆ ತೋರಿಸಿರಿ. ಇಂದು ಕೈಯಲ್ಲಿರುವ ದೂರವಾಣಿಯಿಂದಲೇ ಚಿತ್ರ ತೆಗೆಯಬಹುದಾದ ಕಾಲ ಬಂದಿದೆ. ಒದ್ದೆ ಕಾಗದ, ಮಸಿಗಳನ್ನು ಹೊತ್ತು ನಡೆದವರಿಗಿದ್ದ ಕಷ್ಟದಲ್ಲಿ ನೂರರಲ್ಲೊಂದು ಪಾಲೂ ನಮಗಿಲ್ಲ. ಇಲ್ಲದಿರುವುದು ಬಿಡುವಲ್ಲ, ಸಾಧನವಲ್ಲ. ಬೇಕೆನ್ನುವ ಮನಸ್ಸು ಮಾತ್ರ.

ವೆಂಕಟರಾಯರು ತಮ್ಮ ಮಕ್ಕಳಿಗೆ ವಕೀಲಿಯ ಸಂಪತ್ತನ್ನು ಕೂಡಿಡಲಿಲ್ಲ. ಕನ್ನಡಿಗರ ಮಕ್ಕಳೆಲ್ಲರಿಗೂ ಒಂದು ಚರಿತ್ರೆಯನ್ನು ಬಿಟ್ಟುಹೋದರು. ಆ ಆಸ್ತಿಯ ವಾರಸುದಾರರಲ್ಲಿ ಗಡಿನಾಡಿನ ನಾವೂ ಇದ್ದೇವೆ. ವಾರಸುದಾರನಿಗೆ ಹಕ್ಕಿದ್ದಂತೆ ಹೊಣೆಯೂ ಉಂಟು. ಆ ಹೊಣೆಯನ್ನು ಹೊರುವ ಹತ್ತು ಜನ ತರುಣರು ಈ ವರ್ಷ ನಮ್ಮ ಸಂಘಕ್ಕೆ ದೊರೆತರೆ, ಈ ಸಂಚಿಕೆಯನ್ನು ಹೊರಡಿಸಿದ ಶ್ರಮವು ಸಾರ್ಥಕವಾಯಿತೆಂದು ನಾವು ತಿಳಿಯುತ್ತೇವೆ.